ಜೊತೆಗೋ, ಬದಲಿಗೋ?

ಹೋದ ವರ್ಷ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹಬ್ಬದ ಸಂಜೆ ಹಸುಗಳಿಗೆ ಕಿಚ್ಚು ಹಾಯಿಸುತ್ತಾರೆ. ಅಣ್ಣನ ನಾಲ್ಕು ಸೀಮೆಹಸುಗಳಲ್ಲಿ ಒಂದು ಮಾತ್ರ ಕೊಟ್ಟಿಗೆಯಲ್ಲೇ ಉಳಿದಿತ್ತು. ಅದಕ್ಕೆ ಕೆಚ್ಚಲು ಬಾವು. ಕೆಚ್ಚಲಿನ ಹಿಂಭಾಗದ ಒಂದು ಕಡೆ ಕಲ್ಲಿನಂತಾಗಿತ್ತು. ಹಿಂಡಿದರೆ ಒಡೆದ ಹಾಲಿನಂತೆ ಗಂಟುಗಂಟಾಗಿ ಬರುತ್ತಿತ್ತು.

ಜಗಲಿಯ ಮೇಲೆ ಔಷಧಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಬಿದ್ದಿತ್ತು. ಬೇರೆಯವರು ಪೇಪರ್ ಕಂಡರೆ ಓದುತ್ತಾರೆ, ನಾನು ಬಿಲ್ ಕಂಡರೆ ಓದುತ್ತೇನೆ. ಇಪ್ಪತ್ತು ವರ್ಷಗಳ ಕಸುಬಿನ ಚಟ. ಇಂಜೆಕ್ಷನ್ ಐದು, 700 ರೂಪಾಯಿ. ದೊಡ್ಡ ಮಾತ್ರೆ, ಅಂದರೆ ಬೋಲಸ್, 480 ರೂಪಾಯಿ. ಸಿರಿಂಜು, ನೀರು ಸೇರಿ 60. ಒಟ್ಟು 1,240. ಇಂಜೆಕ್ಷನ್ ಶೀಶೆಯ ಮೇಲೆ ಸೆಫ್ಟ್ರಿಯಾಕ್ಸೋನ್ ಎಂದಿತ್ತು, ಅದು ಆ್ಯಂಟಿಬಯಾಟಿಕ್. ಬೋಲಸ್ ಡಬ್ಬಿಯ ಮೇಲೆ ಎರಡು ಹೆಸರುಗಳು: ಮೆಲಾಕ್ಸಿಕ್ಯಾಮ್ ಎಂಬ ನೋವು-ಬಾವಿನ ಔಷಧಿ, ಅದರ ಜೊತೆ ಸೆರಾಶಿಯೋಪೆಪ್ಟಿಡೇಸ್ ಎಂಬ ಎಂಜೈಮ್, ನಾವು ಶಾಲೆಯಲ್ಲಿ ಕಿಣ್ವ ಎಂದು ಓದಿದ್ದು.

"ಇದು ಯಾಕಣ್ಣ?" ಎಂದೆ.

"ಅಂಗಡಿಯವನು ಕೊಟ್ಟ. ಎಂಜೈಮ್ ಮಾತ್ರೆಯಂತೆ. ಇಂಜೆಕ್ಷನ್ ಜೊತೆ ಹಾಕಿದ್ರೆ ಪವರ್ ಡಬಲ್ ಅಂದ."

ಪವರ್ ಡಬಲ್ ಆಯಿತೋ ಇಲ್ಲವೋ, ಎರಡನೆಯ ದಿನಕ್ಕೆ ಬಾವು ಇಳಿದದ್ದು ನಿಜ. ಅಣ್ಣ ಅಲ್ಲಿಗೇ ಇಂಜೆಕ್ಷನ್ ನಿಲ್ಲಿಸಿದ. ಐದರಲ್ಲಿ ಎರಡು ಖರ್ಚಾದವು, ಉಳಿದ ಮೂರು ಶೀಶೆ ಗೋಡೆಯ ಗೂಡಿಗೆ ಸೇರಿದವು, "ಮುಂದಿನ ಸಲಕ್ಕೆ". ಮೂರನೆಯ ದಿನ ಬೆಳಿಗ್ಗೆ ಆ ಹಸುವಿನ ಹಾಲೂ ಕ್ಯಾನಿಗೆ ಬಿತ್ತು, ಕ್ಯಾನು ಡೇರಿಗೆ ಹೋಯಿತು. ಶೀಶೆಯ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಯ ಇಂಜೆಕ್ಷನ್ ಆದ ಮೇಲೆ ಏಳು ದಿನ ಹಾಲು ಬಳಸಬಾರದು ಎಂದಿತ್ತು. ನಾನು ಓದಿ ಹೇಳಿದೆ.

ಅಣ್ಣ ಕ್ಯಾನಿನ ಮುಚ್ಚಳ ಒತ್ತುತ್ತಾ ಹೇಳಿದ: "ಹಾಲು ಚೆನ್ನಾಗೇ ಐತಲ್ಲೋ. ಗಂಟಿಲ್ಲ, ವಾಸನೆ ಇಲ್ಲ. ಏಳು ದಿನದ ದುಡ್ಡು ಯಾರು ಕೊಡ್ತಾರೆ, ನೀನು ಕಳಿಸ್ತೀಯಾ?"

ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರವನ್ನು ಹುಡುಕಿಕೊಂಡು ಹೊರಟದ್ದು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆ್ಯಂಟಿಬಯಾಟಿಕ್ ಪ್ರಮಾಣವನ್ನು ಕಡಿಮೆ ಮಾಡದ ಯಾವ ಕಿಣ್ವಕ್ಕೂ ಆ್ಯಂಟಿಬಯಾಟಿಕ್ ಜೊತೆ ಕೂರುವ ಹಕ್ಕಿಲ್ಲ. ಕಿಣ್ವ ಬರುವುದಾದರೆ ಬದಲಿಗೆ ಬರಲಿ, ಜೊತೆಗೆ ಬೇಡ.

ನೀನು ಬಿ.ಕಾಂ., ಸಿ.ಎ. ಓದಿದವನು, ಹಸುವಿನ ಔಷಧಿಯ ಬಗ್ಗೆ ನಿನಗೇನು ಗೊತ್ತು ಎಂದು ನೀವು ಕೇಳಬಹುದು. ಕೇಳಲೇಬೇಕು. ಸಿಮೆಂಟ್ ಕಾರ್ಖಾನೆಯ ಲೆಕ್ಕ ನೋಡುವವನಿಗೆ ಸಿಮೆಂಟ್ ಮಾಡಲು ಬರಬೇಕಾಗಿಲ್ಲ. ಬರೆದ ಪ್ರತಿ ಖರ್ಚಿಗೂ ವೋಚರ್ ಕೇಳಲು ಬಂದರೆ ಸಾಕು. ನಾನು ಕೇಳುತ್ತಿರುವುದೂ ಅಷ್ಟೇ. ಈ 480 ರೂಪಾಯಿಗೆ ವೋಚರ್ ಎಲ್ಲಿದೆ?

ಜೊತೆಗೆ, ನಾನಿರುವುದು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ಹುಲ್ಲು ಮತ್ತು ಹಸು ಬಿಟ್ಟರೆ ಬೇರೇನೂ ಹೆಚ್ಚಿಲ್ಲದ ಕೌಂಟಿ. ನನ್ನ ಕಕ್ಷಿದಾರರಲ್ಲಿ ಅರ್ಧದಷ್ಟು ಜನ ಹೈನುಗಾರರು. ಅವರ ಪಶುವೈದ್ಯರ ಬಿಲ್ಲುಗಳು ತಿಂಗಳು ತಿಂಗಳು ನನ್ನ ಮೇಜಿಗೆ ಬರುತ್ತವೆ. ಇನ್ನೂರಕ್ಕೂ ಹೆಚ್ಚು ಹಸುಗಳಿರುವ ಒಬ್ಬ ರೈತನ ಬಿಲ್ಲುಗಳಲ್ಲಿ ಆ್ಯಂಟಿಬಯಾಟಿಕ್ ಸಾಲು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದದ್ದನ್ನು ಕಂಡು ಕಾರಣ ಕೇಳಿದ್ದೆ. ಅವನು ಹಾಲಿನ ಕೋಣೆಯ ಮೂಲೆಯಲ್ಲಿದ್ದ ಪುಟ್ಟ ಪೆಟ್ಟಿಗೆಯೊಂದನ್ನು ತೋರಿಸಿದ. ಬಾವು ಬಂದ ತೊಟ್ಟಿನ ಹಾಲಿನ ಹನಿಯನ್ನು ತಟ್ಟೆಯ ಮೇಲೆ ಸವರಿ, ಬೆಚ್ಚಗಿನ ಆ ಪೆಟ್ಟಿಗೆಯಲ್ಲಿ ಒಂದು ದಿನ ಇಡುತ್ತಾನೆ. ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ, ಅಥವಾ ಹಸು ತಾನಾಗಿಯೇ ಗೆಲ್ಲಬಲ್ಲ ಜಾತಿಯ ಸೂಕ್ಷ್ಮಜೀವಿ ಬೆಳೆದು ಹಸು ಲವಲವಿಕೆಯಿಂದಿದ್ದರೆ, ಆ್ಯಂಟಿಬಯಾಟಿಕ್ ಇಲ್ಲ. ನೋವಿಗೆ ಒಂದು ಔಷಧಿ, ಮೇಲಿಂದ ಮೇಲೆ ಹಿಂಡುವುದು, ಅಷ್ಟೇ.

ಈಗ ಕಿಣ್ವದ ಪರವಾದ ವಾದವನ್ನು ಅದರ ಪೂರ್ತಿ ಬಲದಲ್ಲೇ ಇಡುತ್ತೇನೆ. ಎದುರಾಳಿಯ ಬ್ಯಾಲೆನ್ಸ್ ಶೀಟನ್ನು ತಿದ್ದಿ ಗೆಲ್ಲುವುದು ಗೆಲುವಲ್ಲ.

ಬಾವು ಬಂದ ಕೆಚ್ಚಲಿನಲ್ಲಿ ಕೀವು, ಹೆಪ್ಪು, ಸತ್ತ ಜೀವಕೋಶಗಳ ರಾಶಿ ತುಂಬಿರುತ್ತದೆ. ಹಾಲಿನ ನಾಳಗಳು ಕಟ್ಟಿಕೊಂಡಿರುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಅಂಟಿನ ಗೂಡು ಕಟ್ಟಿಕೊಳ್ಳುತ್ತವೆ. ಸ್ಟೆಫೈಲೊಕಾಕಸ್ ಔರಿಯಸ್ ಎಂಬ ಹಟಮಾರಿಯಂತೂ ಹಸುವಿನ ಜೀವಕೋಶದ ಒಳಗೇ ಅವಿತುಕೊಳ್ಳಬಲ್ಲದು. ಔಷಧಿ ರಕ್ತದಲ್ಲಿ ಹರಿದರೂ ಅಲ್ಲಿಗೆ ತಲುಪುವುದು ಕಷ್ಟ. ಪ್ರೋಟೀನ್ ಕತ್ತರಿಸುವ ಕಿಣ್ವ ಆ ಹೆಪ್ಪನ್ನು ಕರಗಿಸಿ ದಾರಿ ಮಾಡಿಕೊಟ್ಟರೆ ಆ್ಯಂಟಿಬಯಾಟಿಕ್ ಒಳನುಗ್ಗಿ ಕೆಲಸ ಮಾಡೀತು. ಚರಂಡಿ ಕಟ್ಟಿದಾಗ ಮೊದಲು ಕಸ ತೆಗೆದು ಆಮೇಲೆ ಔಷಧಿ ಹೊಡೆಯುವ ಹಾಗೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಕೆಲವು ಕಿಣ್ವಗಳು ಬ್ಯಾಕ್ಟೀರಿಯಾದ ಗೂಡನ್ನು ಒಡೆಯುವುದೂ ನಿಜವೇ.

ಈ ಜೋಡಿಯ ಕಥೆಗೆ ಒಬ್ಬನೇ ಪಿತಾಮಹನಿದ್ದಾನೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲು, 1922ರಲ್ಲಿ, ಒಂದು ಕಿಣ್ವವನ್ನು ಲೋಕಕ್ಕೆ ಪರಿಚಯಿಸಿದ್ದ. ಲೈಸೊಜೈಮ್ ಅದರ ಹೆಸರು. ನಮ್ಮ ಕಣ್ಣೀರಿನಲ್ಲಿ, ಮೂಗಿನ ಸಿಂಬಳದಲ್ಲಿ, ಕೋಳಿಮೊಟ್ಟೆಯ ಬಿಳಿಯಲ್ಲಿ ಇರುವ ಅದು ಬ್ಯಾಕ್ಟೀರಿಯಾದ ಗೋಡೆಯನ್ನು ಕೊರೆಯುತ್ತದೆ. ಎರಡನ್ನೂ ಕಂಡವನು ಅವನೇ. ಅವನು ಕೊಟ್ಟ ಎಚ್ಚರಿಕೆಗೆ ಆಮೇಲೆ ಬರುತ್ತೇನೆ.

ಹೀಗೆ ತತ್ವದಲ್ಲಿ ವಾದ ಗಟ್ಟಿಯಾಗಿದೆ. ಆದರೆ ಅಣ್ಣನ ಹಸುವಿಗೆ ಕೊಟ್ಟದ್ದು ತತ್ವವನ್ನಲ್ಲ, ಒಂದು ಮಾತ್ರೆಯನ್ನು.

ಸೆರಾಶಿಯೋಪೆಪ್ಟಿಡೇಸ್ ಹುಟ್ಟಿದ್ದು ಜಪಾನಿನಲ್ಲಿ. ರೇಷ್ಮೆಹುಳುವಿನ ಕರುಳಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಅದನ್ನು ತೆಗೆದರು. ರಾಮನಗರದ ಗೂಡಿನ ಮಾರುಕಟ್ಟೆ ನೋಡಿ ಬೆಳೆದ ನಮ್ಮಂಥವರಿಗೆ ಕೇಳಲು ಸೊಗಸಾದ ಸಂಗತಿ. ಅದು ಒಂದು ಪ್ರೋಟೀನ್. ಬಾಯಿಂದ ಕೊಟ್ಟ ಪ್ರೋಟೀನನ್ನು ಹೊಟ್ಟೆ ಅರಗಿಸಿಬಿಡುತ್ತದೆ. ಹಾಗಾಗದಿರಲೆಂದು ಮನುಷ್ಯರ ಮಾತ್ರೆಗೆ ಹುಳಿಗೆ ಕರಗದ ಲೇಪ ಕೊಡುತ್ತಾರೆ. ಜಠರದ ಹುಳಿಯನ್ನು ದಾಟಿ ಕರುಳಿಗೆ ಹೋದ ಮೇಲೆ ಅದು ಕರಗಬೇಕು.

ಹಸುವಿನ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ. ನುಂಗಿದ್ದೆಲ್ಲ ಮೊದಲು ಬೀಳುವುದು ಮೆಲುಕು ಹಾಕುವ ದೊಡ್ಡ ಹೊಟ್ಟೆಗೆ, ರೂಮೆನ್‌ಗೆ. ಅಲ್ಲಿ ಜಠರದಂಥ ಕಡುಹುಳಿ ಇಲ್ಲ. ಕೋಟ್ಯಂತರ ಸೂಕ್ಷ್ಮಜೀವಿಗಳು ಹಿಂಡಿ, ಬೂಸ, ಹುಲ್ಲಿನ ಪ್ರೋಟೀನನ್ನು ಒಡೆದು ತಿನ್ನುತ್ತಾ ಇರುತ್ತವೆ. ಹುಳಿ ತಡೆಯಲು ಹಾಕಿದ ಲೇಪಕ್ಕೆ ಹುಳಿಯೇ ಇಲ್ಲದ ಕಡೆ ಏನು ಕೆಲಸ? ಆ ಮಾತ್ರೆಯ ಕಿಣ್ವ ಆ ಸಂತೆಯನ್ನು ದಾಟಿ, ಕರುಳಿನಿಂದ ರಕ್ತಕ್ಕೆ ಹೋಗಿ, ರಕ್ತದಿಂದ ಕೆಚ್ಚಲಿಗೆ ಬಂದು, ಅಲ್ಲಿನ ಹೆಪ್ಪನ್ನು ಕರಗಿಸುತ್ತದೆ ಎಂದು ನಂಬಬೇಕಾದರೆ ನನಗೆ ವೋಚರ್ ಬೇಕು. ಡಬ್ಬಿಯೊಳಗಿನ ಕಾಗದದಲ್ಲಿ ಅದು ಇರಲಿಲ್ಲ. ಅಂಗಡಿಯವರನ್ನು ಕೇಳಿದರೆ "ಎಲ್ಲರೂ ತಗೋತಾರೆ ಸಾರ್" ಎಂದರು. ಎಲ್ಲರೂ ತೆಗೆದುಕೊಳ್ಳುವುದು ಮಾರಾಟದ ಲೆಕ್ಕವಾಯಿತು, ಗುಣವಾದ ಲೆಕ್ಕ ಅದಲ್ಲ.

ಮನುಷ್ಯರಲ್ಲೇ ಇದರ ಗತಿ ಏನಾಯಿತು ನೋಡಿ. ಈ ಕಿಣ್ವವನ್ನು ದಶಕಗಳ ಕಾಲ ಮಾರಿದ ಜಪಾನಿನ ತಕೇಡ ಕಂಪನಿ, ಮಾರಾಟವಾಗುತ್ತಿದ್ದ ಔಷಧಿಯನ್ನೇ ಮತ್ತೆ ಪರೀಕ್ಷೆಗೆ ಒಡ್ಡಿತು. ಹುಸಿ ಮಾತ್ರೆ ನುಂಗಿದವರಿಗೂ ಇದನ್ನು ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಅವರೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ತವರಿನಲ್ಲಿ ಮನುಷ್ಯರಿಗೆ ಬೇಡವಾದದ್ದು ನಮ್ಮ ಹಳ್ಳಿಯಲ್ಲಿ ಹಸುವಿಗೆ ಪವರ್ ಡಬಲ್.

"ಆದರೆ ಬಾವು ಇಳಿಯಿತಲ್ಲ?" ಎನ್ನುತ್ತೀರಿ. ಇಳಿಯಿತು. ಅದೇ ಮಾತ್ರೆಯಲ್ಲಿ ಮೆಲಾಕ್ಸಿಕ್ಯಾಮ್ ಕೂಡ ಇತ್ತಲ್ಲ. ಬಾವು ಇಳಿಸುವುದು ಅದರ ಹುಟ್ಟುಕಸುಬು, ಅದಕ್ಕೆ ವೋಚರುಗಳೂ ಬೇಕಾದಷ್ಟಿವೆ. ಇಬ್ಬರು ಒಟ್ಟಿಗೆ ಹೊಲಕ್ಕೆ ಹೋಗಿ, ಒಬ್ಬ ಉತ್ತು, ಇನ್ನೊಬ್ಬ ಬದುವಿನ ಮೇಲೆ ಕೂತಿದ್ದು, ಸಂಜೆ ಇಬ್ಬರೂ ಕೂಲಿ ಕೇಳಿದ ಹಾಗೆ. ಒಂದೇ ಮಾತ್ರೆಯಲ್ಲಿ ಎರಡನ್ನು ಬೆರೆಸುವುದರ ದೊಡ್ಡ ಅನುಕೂಲವೇ ಇದು: ಯಾರು ಉತ್ತರು ಎಂದು ಯಾರಿಗೂ ತಿಳಿಯುವುದಿಲ್ಲ.

480 ರೂಪಾಯಿ ದಂಡವಾದರೆ ಆಗಲಿ, ಅಷ್ಟಕ್ಕೇ ನಾನು ಇಷ್ಟು ಬರೆಯುತ್ತಿರಲಿಲ್ಲ. ನಿಜವಾದ ಅಪಾಯ ಬೇರೆ ಇದೆ. ಬಾವು ಬೇಗ ಇಳಿದದ್ದರಿಂದ ಅಣ್ಣ ಇಂಜೆಕ್ಷನ್ ಬೇಗ ನಿಲ್ಲಿಸಿದ. ಹಾಲು ಬೇಗ ತಿಳಿಯಾದದ್ದರಿಂದ ಬೇಗ ಡೇರಿಗೆ ಹಾಕಿದ. ರೋಗ ಹೋಯಿತೋ ಇಲ್ಲವೋ, ರೋಗದ ಗುರುತು ಹೋಯಿತು. ನಮ್ಮ ಕಸುಬಿನಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಎನ್ನುತ್ತಾರೆ. ಸಾಲ ತೀರಿರುವುದಿಲ್ಲ, ಮಾರ್ಚ್ 31ರಂದು ಕಾಣದಂತೆ ಮಾಡಿರುತ್ತಾರೆ. ಅರ್ಧ ಪೆಟ್ಟು ತಿಂದು ಬದುಕುಳಿದ ಬ್ಯಾಕ್ಟೀರಿಯಾ ಆ ಪೆಟ್ಟನ್ನು ತಾಳುವುದನ್ನು ಕಲಿಯುತ್ತದೆ ಎಂದು 1945ರಲ್ಲಿ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದವನು ಅದೇ ಫ್ಲೆಮಿಂಗ್. ಗೋಡೆಯ ಗೂಡಿನಲ್ಲಿ ಉಳಿದ ಮೂರು ಶೀಶೆಗಳನ್ನು ಅವನು ಎಂಬತ್ತು ವರ್ಷ ಮೊದಲೇ ಕಂಡಿದ್ದ.

ಕಿಣ್ವವನ್ನು ಬಳಸಿ ಆ್ಯಂಟಿಬಯಾಟಿಕ್ ಅನ್ನು ಮರೆಮಾಚುವುದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಚೀನಾದಲ್ಲಿ ಒಂದು ಉದಾಹರಣೆ ಇದೆ. ಪೆನಿಸಿಲಿನ್ ವಂಶದ ಔಷಧಿಗಳನ್ನು ಒಡೆದು ಹಾಕುವ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವಿದೆ. ಚಿಕಿತ್ಸೆಯಲ್ಲಿರುವ ಹಸುವಿನ ಹಾಲಿಗೇ ಅದನ್ನು ಬೆರೆಸಿ, ಪರೀಕ್ಷೆಯಲ್ಲಿ ಆ್ಯಂಟಿಬಯಾಟಿಕ್ ಕಾಣದಂತೆ ಮಾಡಿ, 'ಆ್ಯಂಟಿಬಯಾಟಿಕ್ ಇಲ್ಲದ ಹಾಲು' ಎಂದು ಮಾರಿದರು. 2008ರ ಮೆಲಮೈನ್ ಹಗರಣದ ನಂತರ ಅಲ್ಲಿನ ಸರ್ಕಾರ ಪಟ್ಟಿ ಮಾಡಿದ ಕಾನೂನುಬಾಹಿರ ಬೆರಕೆಗಳಲ್ಲಿ ಈ ಕಿಣ್ವವೂ ಸೇರಿತು. ಅಣ್ಣನ ಮಾತ್ರೆ ಅಂಥ ವಂಚನೆಯಲ್ಲ, ಅಣ್ಣ ವಂಚಕನೂ ಅಲ್ಲ. ಫಲಿತಾಂಶ ಮಾತ್ರ ಒಂದೇ ದಿಕ್ಕಿನದು. ಹಾಲು ಶುದ್ಧವಾಗಿ ಕಂಡಿತು.

ಬೀಟಾ ಲ್ಯಾಕ್ಟಮೇಸ್ ಅನ್ನು ತಯಾರಿಸಿದ್ದು ಮನುಷ್ಯನಲ್ಲ, ಬ್ಯಾಕ್ಟೀರಿಯಾಗಳೇ. ಪೆನಿಸಿಲಿನ್ ಇನ್ನೂ ಅಂಗಡಿ ಮುಟ್ಟುವ ಮೊದಲೇ, 1940ರಲ್ಲಿ, ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೇನ್ ಅದನ್ನು ಒಡೆಯುವ ಕಿಣ್ವ ಬ್ಯಾಕ್ಟೀರಿಯಾದಲ್ಲಿ ಇರುವುದನ್ನು ವರದಿ ಮಾಡಿದ್ದರು. ಕಿಣ್ವ ಎನ್ನುವುದು ನಮ್ಮ ಕೈಯಲ್ಲಿ ಹೇಗೋ ಹಾಗೆಯೇ ಅವುಗಳ ಕೈಯಲ್ಲೂ ಆಯುಧ. ಅದು ನಮ್ಮ ಮನೆಗೇ ಬಂದ ಕಥೆಯನ್ನು ಹೇಳುತ್ತೇನೆ.

ಆ ಸಂಕ್ರಾಂತಿ ಕಳೆದು ಏಳು ತಿಂಗಳಿಗೆ ಅವ್ವ ಆಸ್ಪತ್ರೆ ಸೇರಿದಳು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು, ಜ್ವರ. ನಾನು ರಜೆ ಹಾಕಿ ಓಡಿದೆ. ಮೊದಲ ಮೂರು ದಿನ ಕೊಟ್ಟ ಇಂಜೆಕ್ಷನ್ ಹೆಸರು ಕೇಸ್ ಶೀಟಿನಲ್ಲಿ ನೋಡಿದಾಗ ಎಲ್ಲೋ ಓದಿದ ನೆನಪಾಯಿತು. ಸೆಫ್ಟ್ರಿಯಾಕ್ಸೋನ್. ಹಸುವಿನದೇ ಔಷಧಿ, ಅಥವಾ ಹೀಗೆ ಹೇಳಬೇಕೋ ಏನೋ, ಅವ್ವನ ಔಷಧಿಯನ್ನೇ ಹಸುವಿಗೆ ಕೊಟ್ಟಿದ್ದೆವು. ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಹುಣ್ಣಿನ ಕಲ್ಚರ್ ವರದಿ ಬಂತು. ಉದ್ದನೆಯ ಪಟ್ಟಿ, ಒಂದೊಂದು ಆ್ಯಂಟಿಬಯಾಟಿಕ್ ಹೆಸರಿನ ಮುಂದೆಯೂ ಎಸ್ ಅಥವಾ ಆರ್. ಎಸ್ ಅಂದರೆ ಔಷಧಿ ನಾಟುತ್ತದೆ, ಆರ್ ಅಂದರೆ ನಾಟುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಮುಂದೆ ಆರ್. ಪಟ್ಟಿಯ ಕೆಳಗೆ 'ಇ.ಎಸ್.ಬಿ.ಎಲ್.' ಎಂಬ ಷರಾ. ಅಂದರೆ ಈ ವಂಶದ ಹೊಸ ಔಷಧಿಗಳನ್ನೂ ಒಡೆಯಬಲ್ಲ ಬೀಟಾ ಲ್ಯಾಕ್ಟಮೇಸ್ ಕಿಣ್ವವನ್ನು ಆ ಬ್ಯಾಕ್ಟೀರಿಯಾ ತಯಾರಿಸುತ್ತಿದೆ. ದಿನಕ್ಕೆ ಮೂರು ಬಾರಿ ಮೆರೊಪೆನೆಮ್ ಹಾಕಿ ಅವ್ವನನ್ನು ಉಳಿಸಿಕೊಂಡೆವು. ಎರಡು ಬೆರಳು ಹೋದವು.

ಅವ್ವನ ಹುಣ್ಣಿನ ಬ್ಯಾಕ್ಟೀರಿಯಾ ನಮ್ಮ ಕೊಟ್ಟಿಗೆಯಿಂದಲೇ ಬಂತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನ ಬಳಿ ವೋಚರ್ ಇಲ್ಲ. ಮನುಷ್ಯರಿಗೇ ಬೇಕಾಬಿಟ್ಟಿ ಆ್ಯಂಟಿಬಯಾಟಿಕ್ ಕೊಡುವ ನಮ್ಮ ಚಾಳಿಯ ಪಾಲೂ ಇದರಲ್ಲಿ ದೊಡ್ಡದೇ. ನಾನು ಹೇಳುವುದಿಷ್ಟು: ಅವ್ವನಿಗೂ ಹಸುವಿಗೂ ಒಂದೇ ಖಜಾನೆ. ಯಾರು ಪೋಲು ಮಾಡಿದರೂ ಬರಿದಾಗುವುದು ಅದೇ. 2019 ಒಂದೇ ವರ್ಷದಲ್ಲಿ ಔಷಧಿ ನಾಟದ ಬ್ಯಾಕ್ಟೀರಿಯಾ ಸೋಂಕಿನಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂದು 'ಲ್ಯಾನ್ಸೆಟ್' ಪತ್ರಿಕೆಯ ಅಂದಾಜು ಹೇಳುತ್ತದೆ. ಆ ಖರ್ಚು ಯಾವ ಔಷಧಿ ಅಂಗಡಿಯ ಬಿಲ್ಲಿನಲ್ಲೂ ಬರೆದಿರುವುದಿಲ್ಲ.

ಹಾಗಾದರೆ ಕಿಣ್ವವೇ ಕೆಟ್ಟದ್ದೇ? ಅಲ್ಲ. ಅದನ್ನು ಕೂರಿಸಿದ ಜಾಗ ಕೆಟ್ಟದ್ದು. ಕೋಳಿ, ಹಂದಿಗಳ ಮೇವಿಗೆ ದಿನವೂ ಚಿಟಿಕೆ ಆ್ಯಂಟಿಬಯಾಟಿಕ್ ಬೆರೆಸಿ ಬೇಗ ಕೊಬ್ಬಿಸುವ ಪದ್ಧತಿ ಯುರೋಪಿನಲ್ಲಿತ್ತು. 2006ರ ಜನವರಿ 1ರಿಂದ ಐರೋಪ್ಯ ಒಕ್ಕೂಟ ಅದನ್ನು ಪೂರ್ತಿ ನಿಲ್ಲಿಸಿತು. ಆಗ ಕೋಳಿ ಸಾಕುವವರು ಹೆಚ್ಚು ಒರಗಿಕೊಂಡ ಊರುಗೋಲುಗಳಲ್ಲಿ ಕಿಣ್ವವೂ ಒಂದು. ಗೋಧಿ, ಬಾರ್ಲಿಯ ಅಂಟಾದ ನಾರನ್ನು ಕೋಳಿಯ ಹೊಟ್ಟೆ ಅರಗಿಸಲಾರದು. ಅರಗದೆ ಉಳಿದದ್ದು ಕರುಳಿನ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಜೈಲನೇಸ್ ಎಂಬ ಕಿಣ್ವವನ್ನು ಮೇವಿಗೆ ಬೆರೆಸಿದರೆ ಆ ನಾರು ಒಡೆಯುತ್ತದೆ. ಇಲ್ಲಿ ಕಿಣ್ವ ಕೆಲಸ ಮಾಡುವ ಜಾಗಕ್ಕೇ, ಕರುಳಿಗೇ, ನೇರವಾಗಿ ಹೋಗುತ್ತದೆ. ಆ್ಯಂಟಿಬಯಾಟಿಕ್ ಬಿಟ್ಟುಹೋದ ಕುರ್ಚಿಯಲ್ಲಿ ಕೂರುತ್ತದೆ. ಇದು ಬದಲಿಗೆ.

ಇನ್ನೊಂದು ಉದಾಹರಣೆ ಕೆಚ್ಚಲಿನದೇ. ಲೈಸೊಸ್ಟಾಫಿನ್ ಎಂಬ ಕಿಣ್ವ ಆ ಹಟಮಾರಿ ಸ್ಟೆಫೈಲೊಕಾಕಸ್‌ನ ಗೋಡೆಯನ್ನು ಕತ್ತರಿಸುತ್ತದೆ. ತಮ್ಮ ಹಾಲಿನಲ್ಲೇ ಈ ಕಿಣ್ವವನ್ನು ತಯಾರಿಸುವ, ವಂಶವಾಹಿ ಬದಲಿಸಿದ ಜೆರ್ಸಿ ಹಸುಗಳ ಬಗ್ಗೆ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. ಬೇಕೆಂದೇ ಬ್ಯಾಕ್ಟೀರಿಯಾ ಬಿಟ್ಟಾಗ ಸಾಮಾನ್ಯ ಹಸುಗಳ ಕೆಚ್ಚಲಿನಲ್ಲಿ ಶೇ. 71ರಷ್ಟು ಸಲ ಸೋಂಕು ತಗುಲಿದರೆ, ಈ ಹಸುಗಳಲ್ಲಿ ಶೇ. 14ರಷ್ಟು ಮಾತ್ರ. ಅಂಥ ಹಸು ಕೊಟ್ಟಿಗೆಗೆ ಬರಬೇಕೇ ಬೇಡವೇ ಎನ್ನುವುದು ಬೇರೆ ಜಗಳ. ನಾನು ತೋರಿಸುತ್ತಿರುವುದು ಪರೀಕ್ಷೆಯ ರೀತಿಯನ್ನು. ಕಿಣ್ವ ಒಂದೇ ನಿಂತಿತು, ಎದುರಿಗೆ ಕಿಣ್ವವಿಲ್ಲದ ಹಸು ನಿಂತಿತು, ಅಂಕಿ ಎಣಿಸಿದರು. ಇದನ್ನು ನಾನು ವೋಚರ್ ಎನ್ನುತ್ತೇನೆ.

ಔಷಧಿಗಳ ಜೋಡಿಯನ್ನೇ ನಾನು ವಿರೋಧಿಸುತ್ತಿಲ್ಲ ಎನ್ನುವುದಕ್ಕೂ ಒಂದು ಸಾಕ್ಷಿ ಕೊಡುತ್ತೇನೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆ್ಯಸಿಡ್ ಬರುತ್ತದೆ. ಅದು ಕಿಣ್ವವಲ್ಲ, ಬ್ಯಾಕ್ಟೀರಿಯಾದ ಕಿಣ್ವದ ಕೈ ಕಟ್ಟುವ ವಸ್ತು. ಅದಿಲ್ಲದಿದ್ದರೆ ಸೋಲುತ್ತಿದ್ದ ಔಷಧಿ ಅದಿದ್ದರೆ ಗೆಲ್ಲುತ್ತದೆ, ಎರಡನೆಯವನೂ ಉತ್ತದ್ದು ಎದ್ದು ಕಾಣುತ್ತದೆ. ಅಂಥ ಜೋಡಿಗೆ ನನ್ನ ಸಹಿ ಇದೆ.

ಈಗ ನನ್ನ ಮೇಲೆ ಬರುವ ಬೈಗುಳ. "ಇಂಗ್ಲೆಂಡಿನಲ್ಲಿ ಕೂತು ನಮ್ಮ ಬಡ ರೈತನಿಗೆ ಬುದ್ಧಿ ಹೇಳಬೇಡ." ಬ್ರಿಟನ್ನಿನವರು ಹುಟ್ಟು ಸಂತರಲ್ಲ ಎಂದು ನನಗೂ ಗೊತ್ತು. ಮನುಷ್ಯರ ಆ್ಯಂಟಿಬಯಾಟಿಕ್‌ಗಳನ್ನು ದನಕರು ಕೊಬ್ಬಿಸಲು ಬಳಸಬೇಡಿ ಎಂದು ಇಲ್ಲಿನ ಸ್ವಾನ್ ಸಮಿತಿ 1969ರಲ್ಲೇ ಹೇಳಿತ್ತು. ಕೊಬ್ಬಿಸಲು ಬೆರೆಸುವ ಆ್ಯಂಟಿಬಯಾಟಿಕ್‌ಗಳೆಲ್ಲ ಮೇವಿನಿಂದ ಹೊರಹೋಗಲು 2006 ಆಗಬೇಕಾಯಿತು, 37 ವರ್ಷ. ಆದರೆ ಮನಸ್ಸು ಮಾಡಿದ ಮೇಲೆ ಆದದ್ದನ್ನೂ ಹೇಳಬೇಕು. 2014ರಿಂದ 2022ರ ನಡುವೆ ಬ್ರಿಟನ್ನಿನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ಮಾರಾಟವಾದ ಆ್ಯಂಟಿಬಯಾಟಿಕ್, ಪ್ರಾಣಿಗಳ ತೂಕದ ಲೆಕ್ಕದಲ್ಲಿ, ಶೇ. 59ರಷ್ಟು ಇಳಿಯಿತು. ಯಾವ ಪವಾಡದ ಕಿಣ್ವವೂ ಅದನ್ನು ಇಳಿಸಲಿಲ್ಲ. ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಸಿಗದು, ಬಳಸಿದ್ದನ್ನು ಬರೆದಿಡಬೇಕು, ಟ್ಯಾಂಕರ್ ಹಾಲಿನಲ್ಲಿ ಆ್ಯಂಟಿಬಯಾಟಿಕ್ ಸಿಕ್ಕರೆ ಯಾರ ಹಾಲಿನಿಂದ ಬಂತೋ ಆ ರೈತ ಇಡೀ ಟ್ಯಾಂಕರಿನ ನಷ್ಟ ತುಂಬಬೇಕು. ಲೆಕ್ಕ ಇಟ್ಟದ್ದಕ್ಕೇ ಅದು ಇಳಿಯಿತು.

ಬಡ ರೈತನ ವಿಷಯಕ್ಕೆ ಬರೋಣ, ಅಂದರೆ ಅಣ್ಣನ ಪ್ರಶ್ನೆಗೆ. ಚಿಕಿತ್ಸೆಯ ಐದು ದಿನ, ಆಮೇಲಿನ ಏಳು ದಿನ, ಒಟ್ಟು 12 ದಿನ. ಬಾವು ಬಂದ ಹಸು ದಿನಕ್ಕೆ 6 ಲೀಟರ್ ಎಂದರೆ 72 ಲೀಟರ್. ಲೀಟರಿಗೆ 35 ರೂಪಾಯಿಯಂತೆ 2,520 ರೂಪಾಯಿ. ಔಷಧಿ 1,240. ಒಟ್ಟು 3,760. ಅಂದರೆ ಕಾಯಿಲೆಯ ಖರ್ಚಿನಲ್ಲಿ ಬಿಲ್ಲಿನಲ್ಲಿ ಕಂಡದ್ದು ಮೂರನೇ ಒಂದು ಭಾಗ. ಉಳಿದ ಎರಡು ಭಾಗವನ್ನು ಅಣ್ಣ ಹೊರಬೇಕು, ಅಥವಾ ಡೇರಿಗೆ ಹಾಕಿ ಹಾಲು ಕುಡಿಯುವವರ ಮೇಲೆ ಹೊರಿಸಬೇಕು. ಅವನು ಹೊರಿಸಿದ. ಅವನನ್ನು ಬೈಯಲು ನನಗೆ ನಾಲಿಗೆ ಬರಲಿಲ್ಲ. ನಮ್ಮೂರ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತಾರೆ, ಡಿಗ್ರಿ ನೋಡುತ್ತಾರೆ. ಆ್ಯಂಟಿಬಯಾಟಿಕ್ ನೋಡುವ ಸಾಧನ ನನ್ನ ಕಣ್ಣಿಗೆ ಬೀಳಲಿಲ್ಲ. ಕಾನೂನು ಇಲ್ಲದೆ ಇಲ್ಲ. ಆಹಾರ ಕೊಡುವ ಪ್ರಾಣಿಗಳ ಔಷಧಿಯ ಮೇಲೆ ಕಾಯಬೇಕಾದ ದಿನಗಳನ್ನು ಮುದ್ರಿಸಬೇಕು, ಬೇರೆ ಲೆಕ್ಕ ಸಿದ್ಧಪಟ್ಟಿಲ್ಲದಿದ್ದರೆ ಹಾಲಿಗೆ ಕನಿಷ್ಠ ಏಳು ದಿನ ಎಂದು ಭಾರತದ ಔಷಧ ನಿಯಮಗಳು 2012ರಿಂದಲೇ ಹೇಳುತ್ತಿವೆ. ಆದರೆ ಆ ಏಳು ದಿನದ ದುಡ್ಡು ಯಾರದು ಎಂದು ಅವು ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿ 480 ರೂಪಾಯಿಯ ಮಾತ್ರೆ ಬಂದು ಕೂತಿದೆ, "ಬೇಗ ಹಾಲು ತಿಳಿಯಾಗುತ್ತೆ" ಎಂಬ ಆಸೆ ತೋರಿಸಿಕೊಂಡು.

ಆದ್ದರಿಂದ ನನ್ನ ಬೇಡಿಕೆಗಳು ಮೂರು. ಒಂದು, ಹಾಲು ಕೊಡುವ ಪ್ರಾಣಿಗೆ ಆ್ಯಂಟಿಬಯಾಟಿಕ್ ಜೊತೆ ಕಿಣ್ವ ಮಾರಬೇಕಾದರೆ, ಹಸುವಿನಲ್ಲೇ ಪರೀಕ್ಷೆ ಮಾಡಿ, ಕಿಣ್ವದಿಂದಾಗಿ ಆ್ಯಂಟಿಬಯಾಟಿಕ್ ಎಷ್ಟು ಕಡಿಮೆ ಸಾಕಾಯಿತು ಎಂದು ತೋರಿಸಬೇಕು. ತೋರಿಸದಿದ್ದರೆ ಪರವಾನಗಿ ಬೇಡ. ಮನುಷ್ಯರ ಔಷಧಿಗಳಲ್ಲಿ ಇಂಥ ಬೆರಕೆಗಳನ್ನು ಕೇಂದ್ರ ಸರ್ಕಾರ 2016ರಲ್ಲಿ 344, 2018ರಲ್ಲಿ 328, 2024ರಲ್ಲಿ 156 ಎಂದು ಪಟ್ಟಿ ಮಾಡಿ ನಿಷೇಧಿಸಿತು. ದನದ ಔಷಧಿಯ ಕಪಾಟಿಗೂ ಅಂಥದೊಂದು ಪೊರಕೆ ಬೇಕು. ಎರಡು, ಕಾಯಬೇಕಾದ ದಿನಗಳನ್ನು ಕನ್ನಡದಲ್ಲಿ, ಅಣ್ಣನ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಮುದ್ರಿಸಬೇಕು. ಮೂರು, ಚೆಲ್ಲಿದ ಹಾಲಿನ ದುಡ್ಡಿನಲ್ಲಿ ಒಂದು ಪಾಲನ್ನಾದರೂ ಹಾಲು ಒಕ್ಕೂಟಗಳು ತುಂಬಿಕೊಡಬೇಕು. ಪ್ರಾಮಾಣಿಕನಾದವನಿಗೆ 2,520 ರೂಪಾಯಿ ದಂಡ ಹಾಕುವ ವ್ಯವಸ್ಥೆಯಲ್ಲಿ ಪ್ರಾಮಾಣಿಕತೆ ಉಳಿಯದು.

ಕೊನೆಗೆ ನನ್ನ ಪುಸ್ತಕವನ್ನೂ ತೆರೆಯಬೇಕು. ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಪಶು ಔಷಧಿಯ ಸಗಟು ವ್ಯಾಪಾರಿಯೊಬ್ಬರ ಲೆಕ್ಕ ನೋಡಲು ನನ್ನನ್ನು ಕಳಿಸಿದ್ದರು. ಹತ್ತು ಡಬ್ಬಿಗೆ ಮೂರು ಉಚಿತ ಎಂಬ 'ಸ್ಕೀಮ್' ಬಿಲ್ಲುಗಳ ಕಟ್ಟುಗಳು. ಇಪ್ಪತ್ತು ಕಂಪನಿಗಳು ಮಾರುವ ಒಂದೇ ಔಷಧಿಗೆ ಇನ್ನೊಂದು ಹೆಸರು ಬೆರೆಸಿದರೆ ಹೊಸ ಡಬ್ಬಿ, ಹೊಸ ಬೆಲೆ, ಹೊಸ ಸ್ಕೀಮ್. ಕೂಡಿಕೆ ಸರಿಯಾಗಿದೆಯೇ ಎಂದು ನೋಡಿ ಹಸಿರು ಪೆನ್ಸಿಲಿನಲ್ಲಿ ಟಿಕ್ ಹಾಕಿದೆ. ಆ ಮೂರು ಉಚಿತ ಡಬ್ಬಿಗಳು ಯಾವ ಕೊಟ್ಟಿಗೆಗೆ ಹೋಗುತ್ತವೆ ಎಂದು ಕೇಳಲಿಲ್ಲ. ಕೂಡಿಕೆ ಸರಿಯಾಗಿಯೇ ಇತ್ತು.

ಹೊರದೇಶದಲ್ಲಿರುವ ನಾವು ಊರಿಗೆ ದುಡ್ಡು ಕಳಿಸುತ್ತೇವೆ. ಆ 1,240 ರೂಪಾಯಿಯೂ ನಾನು ಕಳಿಸಿದ ದುಡ್ಡಿನದೇ. ರಾಜ್ಯೋತ್ಸವದ ಊಟದಲ್ಲಿ ಊರಿನ ಗಟ್ಟಿ ಹಾಲು, ಗಟ್ಟಿ ಮೊಸರಿನ ಮಾತಾಡುತ್ತೇವೆ. ಭಾನುವಾರದ ಫೋನಿನಲ್ಲಿ ಮಳೆ ಬಂತಾ, ಮದುವೆ ಯಾವಾಗ ಎಂದು ಕೇಳುತ್ತೇವೆ. ಈಗ ನಾನು ಇನ್ನೂ ಮೂರು ಪ್ರಶ್ನೆ ಸೇರಿಸಿಕೊಂಡಿದ್ದೇನೆ. ಯಾವ ಇಂಜೆಕ್ಷನ್, ಎಷ್ಟು ದಿನ, ಹಾಲು ಎಲ್ಲಿಗೆ ಹೋಯಿತು?

ಈ ಮಳೆಗಾಲದಲ್ಲಿ ಅದೇ ಹಸುವಿಗೆ ಅದೇ ಭಾಗದಲ್ಲಿ ಮತ್ತೆ ಬಾವು ಬಂತು. ಈ ಸಲ ಅಣ್ಣ ಅಂಗಡಿಗೆ ಹೋಗುವ ಮೊದಲು ಫೋನ್ ಮಾಡಿದ. ಡಾಕ್ಟರು ಬರುವವರೆಗೆ ಎರಡು ಗಂಟೆಗೊಮ್ಮೆ ಹಿಂಡು ಎಂದೆ. ಅವರು ಬಂದು ಹಾಲಿನ ಮಾದರಿ ತೆಗೆದುಕೊಂಡು ಹೋದರು, ಬೇರೆ ಔಷಧಿ ಬರೆದರು, ಐದು ದಿನವೂ ಕೊಟ್ಟ. ಚೆಲ್ಲಿದ ಹಾಲಿನ ಲೆಕ್ಕವನ್ನು ಅತ್ತಿಗೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ. ಅಷ್ಟು ದುಡ್ಡನ್ನು ನಾನು ಕಳಿಸಿದೆ.

"ನಮ್ಮದಕ್ಕೆ ನೀನು ಕಳಿಸಿದೆ," ಎಂದ ಅಣ್ಣ. "ಪಕ್ಕದ ಮನೆಯೋರಿಗೆ ಯಾರು ಕಳಿಸ್ತಾರೋ?"